ಝಮೋರಾ ಯಾವ ಊರಿನವರು?

ಸ್ಪೇನ್‌ನ ಫುಟ್‌ಬಾಲ್ ಲೀಗ್ ನೋಡುವ ಚಟ ನನಗೆ ಅಂಟಿಕೊಂಡಿದ್ದು ಪುಣೆಗೆ ಬಂದ ಮೇಲೆ. ವಾರಾಂತ್ಯದ ಕೊನೆಯ ಪಂದ್ಯ ಮುಗಿಯುವಷ್ಟರಲ್ಲಿ ಹಾಲಿನವನು ಬರುವ ಹೊತ್ತು ಹತ್ತಿರವಾಗಿರುತ್ತದೆ. ಅಲ್ಲಿ ಪ್ರತಿ ಋತುವಿನ ಕೊನೆಗೆ, ಪಂದ್ಯಕ್ಕೆ ಸರಾಸರಿ ಅತಿ ಕಡಿಮೆ ಗೋಲು ಬಿಟ್ಟುಕೊಟ್ಟ ಗೋಲ್‌ಕೀಪರ್‌ಗೆ ಝಮೋರಾ ಟ್ರೋಫಿ ಎಂಬ ಪ್ರಶಸ್ತಿ ಕೊಡುತ್ತಾರೆ. ಮಾರ್ಕಾ ಎಂಬ ಕ್ರೀಡಾ ಪತ್ರಿಕೆ 1950ರ ದಶಕದ ಕೊನೆಯಿಂದ ನಡೆಸಿಕೊಂಡು ಬಂದಿದೆ. ಯಾರು ಈ ಝಮೋರಾ ಎಂದು ಹುಡುಕುತ್ತ ಹೋದವನಿಗೆ ಸಿಕ್ಕಿದ್ದು, ಊರು ಬಿಟ್ಟು ದುಡಿಯುವ ನಮ್ಮಂಥವರಿಗೆ ಹತ್ತಿರವೆನಿಸುವ ಬದುಕು.

ರಿಕಾರ್ಡೊ ಝಮೋರಾ ಹುಟ್ಟಿದ್ದು 1901ರ ಜನವರಿ 21ರಂದು, ಬಾರ್ಸಿಲೋನಾದಲ್ಲಿ. ಅಪ್ಪ ವೈದ್ಯರು. ಮಗನೂ ಡಾಕ್ಟರೇ ಆಗಲಿ ಎಂಬ ಆಸೆ ಮನೆಯಲ್ಲಿತ್ತು (ನಮ್ಮ ಮನೆಗಳಲ್ಲಿ ಎಂಜಿನಿಯರ್ ಆಗಲಿ ಅನ್ನುವ ಹಾಗೆ). ಹುಡುಗ 15ನೇ ವಯಸ್ಸಿಗೇ ಎಸ್ಪನ್ಯೋಲ್ ಕ್ಲಬ್ಬಿನ ಗೋಲಿನ ಮುಂದೆ ನಿಂತಿದ್ದ. ಆಡಳಿತದವರ ಜೊತೆ ಮುನಿಸಾಗಿ 1919ರಲ್ಲಿ ಅದೇ ಊರಿನ ಎದುರಾಳಿ ಬಾರ್ಸಿಲೋನಾ ಕ್ಲಬ್ ಸೇರಿದ, ಮೂರು ವರ್ಷ ಬಿಟ್ಟು ಎಸ್ಪನ್ಯೋಲ್‌ಗೆ ಮರಳಿದ. ನಡುವೆ 1920ರ ಆಂಟ್‌ವರ್ಪ್ ಒಲಿಂಪಿಕ್ಸ್. ಸ್ಪೇನ್ ಮೊದಲ ಬಾರಿಗೆ ರಾಷ್ಟ್ರೀಯ ತಂಡ ಕಟ್ಟಿದ್ದೇ ಅದಕ್ಕಾಗಿ. 19ರ ಹರೆಯದ ಝಮೋರಾ ಅಲ್ಲಿ ಬೆಳ್ಳಿ ಪದಕ ಗೆದ್ದರು, ಇಟಲಿಯ ಆಟಗಾರನೊಬ್ಬನಿಗೆ ಗುದ್ದಿ ಮೈದಾನದಿಂದ ಹೊರಗೂ ಹೋದರು! ಸಂತ ಏನಲ್ಲ. ಸಿಗರೇಟಿಲ್ಲದೆ ಅವರನ್ನು ನೋಡಿದವರು ಕಡಿಮೆ.

ಕುತ್ತಿಗೆ ಮುಚ್ಚುವ ಸ್ವೆಟರ್, ತಲೆಗೆ ಚಪ್ಪಟೆ ಟೋಪಿ ಅವರ ಗುರುತು. ಎದುರಾಳಿಗಳು ಮೈಮೇಲೆ ಬಿದ್ದಾಗ ಚೆಂಡನ್ನು ಹಿಡಿಯಹೋಗದೆ ಮೊಣಕೈಯಿಂದ ಬಡಿದು ದೂರ ಕಳಿಸುತ್ತಿದ್ದರು. ಆ ಹೊಡೆತಕ್ಕೆ ಝಮೋರಾನಾ ಎಂದೇ ಹೆಸರು ಬಿತ್ತು. 1929ರ ಮೇ ತಿಂಗಳಲ್ಲಿ ಮ್ಯಾಡ್ರಿಡ್‌ನಲ್ಲಿ ಸ್ಪೇನ್ 4–3ರಿಂದ ಇಂಗ್ಲೆಂಡನ್ನು ಸೋಲಿಸಿತು. ಬ್ರಿಟಿಷ್ ದ್ವೀಪಗಳ ಆಚೆಯ ತಂಡವೊಂದಕ್ಕೆ ಇಂಗ್ಲೆಂಡ್ ಸೋತಿದ್ದು ಅದೇ ಮೊದಲು. ಎದೆಯ ಮೂಳೆ ಮುರಿದಿದ್ದರೂ ಝಮೋರಾ ಆಡಿದರು ಎಂಬುದು ಆ ಪಂದ್ಯದ ಪ್ರಸಿದ್ಧ ಕಥೆ. ಎರಡು ವರ್ಷದ ನಂತರ ಲಂಡನ್‌ನಲ್ಲಿ ಅದೇ ಇಂಗ್ಲೆಂಡ್ ಅವರಿಗೆ ಏಳು ಗೋಲು ಹೊಡೆಯಿತು. ನಮ್ಮ ಸಾಫ್ಟ್‌ವೇರ್‌ನಲ್ಲಿ ಸಪೋರ್ಟ್ ಡ್ಯೂಟಿ ಮಾಡುವವರಿಗೆ ಈ ಕೆಲಸದ ಕಷ್ಟ ಬೇಗ ಅರ್ಥವಾದೀತು.

1930ರಲ್ಲಿ ಆ ಕಾಲಕ್ಕೆ ದಾಖಲೆಯೆನಿಸಿದ ಮೊತ್ತಕ್ಕೆ ಮ್ಯಾಡ್ರಿಡ್ ಕ್ಲಬ್ ಅವರನ್ನು ಕೊಂಡುಕೊಂಡಿತು. ಬಾರ್ಸಿಲೋನಾದ ಹುಡುಗ ರಾಜಧಾನಿಗೆ ಹೋದ. 1931–32ರ ಲೀಗ್‌ನಲ್ಲಿ ಮ್ಯಾಡ್ರಿಡ್ ಒಂದೂ ಪಂದ್ಯ ಸೋಲದೆ ಚಾಂಪಿಯನ್ ಆಯಿತು. 18 ಪಂದ್ಯಗಳಲ್ಲಿ ಬಿಟ್ಟುಕೊಟ್ಟದ್ದು 15 ಗೋಲು ಮಾತ್ರ. ಮರುವರ್ಷವೂ ಅವರೇ ಗೆದ್ದರು.

ಈಗ ವಲೆನ್ಸಿಯಾದ ಮೆಸ್ತಾಯಾ ಮೈದಾನಕ್ಕೆ ಬನ್ನಿ. 1929ರಲ್ಲಿ ಮಳೆಕೆಸರಿನ ನಡುವೆ, ಎಸ್ಪನ್ಯೋಲ್ ಪರವಾಗಿ ಮ್ಯಾಡ್ರಿಡ್ ತಂಡವನ್ನು ಸೋಲಿಸಿ ಝಮೋರಾ ಸ್ಪೇನ್ ಕಪ್ ಗೆದ್ದದ್ದು ಇಲ್ಲೇ. 1936ರ ಜೂನ್ 21ರಂದು ಅದೇ ಮೈದಾನದಲ್ಲಿ ಕಪ್ ಫೈನಲ್. ಈ ಸಲ ಅವರು ಮ್ಯಾಡ್ರಿಡ್ ಕಡೆ, ಎದುರಿಗೆ ಬಾರ್ಸಿಲೋನಾ. ಮ್ಯಾಡ್ರಿಡ್ 2–1ರಿಂದ ಮುಂದಿದೆ, ಇನ್ನು ಕೆಲವೇ ನಿಮಿಷ. ಬಾರ್ಸಿಲೋನಾದ ಎಸ್ಕೋಲಾ ಹತ್ತಿರದಿಂದ ಕಂಬದ ಮೂಲೆಗೆ ಹೊಡೆದ. ಝಮೋರಾ ಹಾರಿದರು, ನೆಲದ ಧೂಳೆದ್ದು ಎಲ್ಲ ಮುಚ್ಚಿಹೋಯಿತು. ಗೋಲೇ ಆಯಿತೆಂದುಕೊಂಡವರಿಗೆ ಧೂಳು ಇಳಿದಾಗ ಕಂಡದ್ದು ಚೆಂಡು ಹಿಡಿದ ಝಮೋರಾ. ಜನ ಹೆಗಲ ಮೇಲೆ ಹೊತ್ತು ಕುಣಿದರು. ನಮ್ಮ ಬೆಂಗಳೂರಿನ ಹುಡುಗನೊಬ್ಬ ಮುಂಬೈ ತಂಡಕ್ಕೆ ಆಡಿ ರಣಜಿ ಫೈನಲ್‌ನಲ್ಲಿ ಕರ್ನಾಟಕವನ್ನು ಸೋಲಿಸಿದರೆ ನಮ್ಮ ವಾಟ್ಸ್‌ಆ್ಯಪ್ ಗುಂಪುಗಳಲ್ಲಿ ಏನೇನು ನಡೆದೀತು, ನೀವೇ ಊಹಿಸಿಕೊಳ್ಳಿ.

ಒಂದು ತಿಂಗಳು ಕಳೆಯುವ ಮುನ್ನವೇ ಸ್ಪೇನ್‌ನಲ್ಲಿ ಅಂತರ್ಯುದ್ಧ ಶುರುವಾಯಿತು. ಕ್ಯಾಥೊಲಿಕ್ ದಿನಪತ್ರಿಕೆಯೊಂದಕ್ಕೆ ಬರೆಯುತ್ತಿದ್ದ ಝಮೋರಾ ಎಡಪಂಥೀಯ ಪಡೆಗಳ ಕಣ್ಣಿಗೆ ಶತ್ರುವಾದರು. ಮ್ಯಾಡ್ರಿಡ್‌ನ ಮೊಡೆಲೊ ಜೈಲಿಗೆ ಹಾಕಿದರು. ರಾತ್ರಿ ಹೆಸರು ಕೂಗಿದರೆ ಬೆಳಿಗ್ಗೆ ಹೆಣ ಎಂಬಂತಿದ್ದ ದಿನಗಳವು. ಅತ್ತ ಫ್ರಾಂಕೊ ಕಡೆಯವರು, ಝಮೋರಾರನ್ನು ಕೊಂದೇಬಿಟ್ಟರೆಂದು ಸುದ್ದಿ ಹಬ್ಬಿಸಿದರು. ಬದುಕಿರುವ ಮನುಷ್ಯನ ಆತ್ಮಶಾಂತಿಗೆ ಚರ್ಚುಗಳಲ್ಲಿ ಪ್ರಾರ್ಥನೆಯೂ ನಡೆಯಿತು. ಒಂದು ಕಡೆಗೆ ಅವರು ಕೈದಿ, ಇನ್ನೊಂದು ಕಡೆಗೆ ಹುತಾತ್ಮ. ಪಾಪ, ಅವರನ್ನು ಯಾರೂ ಏನೂ ಕೇಳಲಿಲ್ಲ.

ಬಿಡುಗಡೆಗೆ ನೆರವಾದವರಲ್ಲಿ ಪೆದ್ರೊ ಲೂಯಿಸ್ ದೆ ಗಾಲ್ವೆಸ್ ಎಂಬ ಅಲೆಮಾರಿ ಕವಿಯೂ ಒಬ್ಬ. ಜೈಲಿನಲ್ಲಿ ಝಮೋರಾರ ಮೈಮೇಲೆ ಯಾರೂ ಕೈ ಮಾಡದಂತೆ ನೋಡಿಕೊಂಡವನು ಅವನು. ಝಮೋರಾ ಅರ್ಜೆಂಟೀನಾದ ರಾಯಭಾರ ಕಚೇರಿಯ ಆಶ್ರಯ ಪಡೆದು, ಹಡಗು ಹತ್ತಿ ಫ್ರಾನ್ಸ್‌ಗೆ ಹೋದರು. ನೀಸ್ ನಗರದ ಕ್ಲಬ್‌ನಲ್ಲಿ ಹಳೆಯ ಗೆಳೆಯ ಸಮಿತಿಯೇರ್ ಜೊತೆ ಆಡುತ್ತ ಆಟ ಮುಗಿಸಿದರು. ಯುದ್ಧ ಗೆದ್ದ ಫ್ರಾಂಕೊ ಆಡಳಿತ 1940ರಲ್ಲಿ ಗಾಲ್ವೆಸ್‌ನನ್ನು ಗುಂಡಿಟ್ಟು ಕೊಂದಿತು. ಅದೇ 1940ರಲ್ಲಿ ಝಮೋರಾ ಚಾಂಪಿಯನ್ ತಂಡದ ಕೋಚ್ ಆಗಿದ್ದರು. ಈ ಎರಡು ಸಂಗತಿಗಳನ್ನು ಅಕ್ಕಪಕ್ಕ ಇಟ್ಟು ನೋಡಿದಾಗಲೆಲ್ಲ ನನಗೆ ಏನು ಹೇಳಬೇಕೋ ತೋಚುವುದಿಲ್ಲ.

ಆ ತಂಡ ಅಟ್ಲೆಟಿಕೊ ಅವಿಯಾಸಿಯೋನ್, ಇಂದಿನ ಅಟ್ಲೆಟಿಕೊ ಮ್ಯಾಡ್ರಿಡ್. ಯುದ್ಧದಲ್ಲಿ ಬಡವಾಗಿದ್ದ ಹಳೆಯ ಕ್ಲಬ್ಬನ್ನು ವಾಯುಪಡೆಯ ತಂಡದ ಜೊತೆ ಸೇರಿಸಿ ಕಟ್ಟಿದ್ದು. ಮೊದಲ ದರ್ಜೆಯಲ್ಲಿ ಅದಕ್ಕೆ ಜಾಗ ಸಿಕ್ಕಿದ್ದೂ, ಮೈದಾನ ಹಾಳಾಗಿದ್ದ ಒವಿಯೆಡೊ ಆಡಲಾಗದೆ ಹೋದದ್ದರಿಂದ. ಝಮೋರಾ ಕೋಚ್ ಆಗಿ 1939–40ರಲ್ಲಿ ಸೆವಿಯಾಗಿಂತ ಒಂದೇ ಒಂದು ಅಂಕ ಹೆಚ್ಚು ಗಳಿಸಿ ಕ್ಲಬ್ಬಿನ ಮೊತ್ತಮೊದಲ ಲೀಗ್ ಪ್ರಶಸ್ತಿ ತಂದುಕೊಟ್ಟರು, ಮರುವರ್ಷ ಮತ್ತೊಂದು. ಅವರ ಹೆಸರಿನ ಟ್ರೋಫಿಯ ಗದ್ದಲದಲ್ಲಿ ಈ ಎರಡು ಪ್ರಶಸ್ತಿಗಳನ್ನು ಜನ ಮರೆಯುತ್ತಾರೆ. ಆಟಗಾರನಾಗಿ ಗೆದ್ದದ್ದಕ್ಕಿಂತ ಇದೇ ದೊಡ್ಡದೆಂದು ನನ್ನ ಲೆಕ್ಕ. ಗೋಲ್‌ಕೀಪರ್ ಒಬ್ಬನೇ ತಾನೇ ಇಡೀ ಮೈದಾನವನ್ನು ಎದುರಿಗೆ ಇಟ್ಟುಕೊಂಡು ನಿಲ್ಲುವವನು?

ಆಮೇಲೆ ಸೆಲ್ಟಾ ವಿಗೊ. ಆ ಸಣ್ಣ ಕ್ಲಬ್ಬನ್ನು 1948ರಲ್ಲಿ ಲೀಗ್‌ನ ನಾಲ್ಕನೇ ಸ್ಥಾನಕ್ಕೂ ಕಪ್ ಫೈನಲ್‌ಗೂ ಒಯ್ದರು. ಫೈನಲ್‌ನಲ್ಲಿ ಸೆವಿಯಾ 4–1ರಿಂದ ಸೋಲಿಸಿತು. 1952ರಲ್ಲಿ ಸ್ವಲ್ಪ ದಿನ ರಾಷ್ಟ್ರೀಯ ತಂಡ, ಮಲಾಗಾ, ಕೊನೆಗೆ ತಾವು ಆಟ ಶುರುಮಾಡಿದ ಎಸ್ಪನ್ಯೋಲ್‌ಗೂ ಕೋಚ್ ಆದರು. ಗಣರಾಜ್ಯ ಸರ್ಕಾರವೂ ಅವರಿಗೆ ಪದಕ ತೊಡಿಸಿತ್ತು, ಫ್ರಾಂಕೊ ಸರ್ಕಾರವೂ ತೊಡಿಸಿತು.

1978ರ ಸೆಪ್ಟೆಂಬರ್ 8ರಂದು ಬಾರ್ಸಿಲೋನಾದಲ್ಲೇ ತೀರಿಕೊಂಡರು. ಮಗನ ಹೆಸರೂ ರಿಕಾರ್ಡೊ ಝಮೋರಾ. ಅವನೂ ಗೋಲ್‌ಕೀಪರೇ ಆದ.