ಬೋಲ್ಟ್ ಸ್ವಲ್ಪ ಬಾಗಿದರೆ ರೈಫಲ್ ಗುರಿ ತಪ್ಪುತ್ತದೆಯೇ? ಉತ್ತರ ಪೌಲ್ ಮೌಸರ್ ಬದುಕಿನಲ್ಲಿದೆ

ರೈಫಲ್ ಕೆಳಗೆ ಬಿದ್ದು ಬೋಲ್ಟ್ ಸ್ವಲ್ಪ ಬಾಗಿದರೆ ಮುಗಿಯಿತು, ಇನ್ನು ಅದು ಗುರಿಗೆ ಹೊಡೆಯುವುದಿಲ್ಲ ಎಂಬ ನಂಬಿಕೆ ಬಂದೂಕು ಬಲ್ಲವರಲ್ಲೂ ಇದೆ. ಇದು ನಿಜವೇ? ಬಾಗಿದ್ದು ಬೋಲ್ಟಿನ ಯಾವ ಭಾಗ ಎಂದು ಮೊದಲು ಕೇಳಬೇಕು. ಈ ಪ್ರಶ್ನೆಯ ಮಹತ್ವ ತಿಳಿಯಲು, ಬೋಲ್ಟನ್ನೇ ತಿದ್ದುತ್ತ ಜೀವನ ಕಳೆದ ಒಬ್ಬರ ಕಥೆ ನೋಡೋಣ.

ಪೌಲ್ ಮೌಸರ್ ಹುಟ್ಟಿದ್ದು 1838ರ ಜೂನ್ 27ರಂದು, ಜರ್ಮನಿಯ ನೆಕರ್ ನದಿ ದಂಡೆಯ ಒಬರ್ನ್‌ಡಾರ್ಫ್ ಎಂಬ ಸಣ್ಣ ಊರಿನಲ್ಲಿ. ತಂದೆ ಅಲ್ಲಿನ ಸರ್ಕಾರಿ ಬಂದೂಕು ಕಾರ್ಖಾನೆಯ ಕೆಲಸಗಾರ. 13 ಮಕ್ಕಳಲ್ಲಿ ಪೌಲ್ ಕೊನೆಯವರು. ಹುಡುಗನಾಗಿದ್ದಾಗಲೇ ಅದೇ ಕಾರ್ಖಾನೆ ಸೇರಿದರು. 1859ರಲ್ಲಿ ಸೈನ್ಯಕ್ಕೆ ಹೋದಾಗ ಫಿರಂಗಿ ದಳಕ್ಕೆ ಹಾಕಿದರು.

ಆಗ ಪ್ರಷ್ಯಾದ ಸೈನಿಕರ ಕೈಯಲ್ಲಿದ್ದದ್ದು ಡ್ರೈಸೆ ರೈಫಲ್. ಬಾಗಿಲ ಚಿಲಕದಂತೆ ತಳ್ಳಿ ತಿರುಗಿಸುವ ಬೋಲ್ಟ್ ಅದರಲ್ಲೇ ಇತ್ತು, ಮೌಸರ್ ಅದನ್ನು ಹೊಸದಾಗಿ ಕಂಡುಹಿಡಿದವರಲ್ಲ. ಅವರು ಮಾಡಿದ್ದೆಂದರೆ ಹಿಡಿ ತಿರುಗಿಸಿದಾಗಲೇ ಒಳಗಿನ ಸ್ಪ್ರಿಂಗ್ ಬಿಗಿಯಾಗುವಂತೆ ಮತ್ತು ಲೋಹದ ತೋಟಾ ಬಳಸಲು ಬರುವಂತೆ ಅದನ್ನು ಬದಲಿಸಿದ್ದು. ಅಣ್ಣ ವಿಲ್ಹೆಲ್ಮ್ ವ್ಯವಹಾರ ನೋಡಿಕೊಂಡರು, ತಮ್ಮ ಕೆಲಸದ ಮೇಜು ಬಿಡಲಿಲ್ಲ. 1871ರ ಮಾದರಿಯನ್ನು ಪ್ರಷ್ಯಾ ಸೈನ್ಯ ಒಪ್ಪಿಕೊಂಡಿತು.

ಬೋಲ್ಟ್ ಬಾಗುವ ವಿಷಯ ಇಲ್ಲಿಂದಲೇ ಶುರು. ಆ ರೈಫಲ್ಲಿನ ಬೋಲ್ಟನ್ನು ತಡೆದು ನಿಲ್ಲಿಸುತ್ತಿದ್ದದ್ದು ಒಂದೇ ಒಂದು ಉಬ್ಬು, ಹಿಡಿಯ ಬುಡದ್ದು. ಗುಂಡು ಹಾರಿದಾಗ ಹಿಂದಕ್ಕೆ ಒತ್ತುವ ಬಲವೆಲ್ಲ ಬೋಲ್ಟಿನ ಮೈ ಮೂಲಕ ಹಾದು ಒಂದೇ ಬದಿಗೆ ಬೀಳುತ್ತಿತ್ತು. ಕರಿಮದ್ದಿನ ಕಾಲದಲ್ಲಿ ಇದು ಸಾಕಾಗಿತ್ತು. 1886ರಲ್ಲಿ ಫ್ರಾನ್ಸ್ ಹೊಗೆಯಿಲ್ಲದ ಮದ್ದಿನ ರೈಫಲ್ ತಂದಿತು. ನಂತರ ಬಂದ ತೋಟಾಗಳಲ್ಲಿ ಪ್ರತಿ ಚದರ ಸೆಂಟಿಮೀಟರಿಗೆ 3 ಟನ್ನಿಗೂ ಮೀರಿದ ಒತ್ತಡ!

ಅಣ್ಣ 1882ರಲ್ಲೇ ತೀರಿಕೊಂಡಿದ್ದರು. 1888ರಲ್ಲಿ ಜರ್ಮನ್ ಸೈನ್ಯ ಮೌಸರ್ ಅವರನ್ನು ಬದಿಗಿಟ್ಟು ಒಂದು ಸಮಿತಿ ರೂಪಿಸಿದ ರೈಫಲ್ ಆರಿಸಿತು. ಸ್ವಂತ ದೇಶದಲ್ಲೇ ಹೀಗಾದಾಗ ಯಾರಿಗಾದರೂ ನೋವಾದೀತು. ಅವರ ಹೊಸ ಮಾದರಿಗೆ ಮನ್ನಣೆ ಸಿಕ್ಕಿದ್ದು 1889ರಲ್ಲಿ, ಬೆಲ್ಜಿಯಂನಲ್ಲಿ. ಅದರಲ್ಲಿ ಬೋಲ್ಟಿನ ಮುಂತುದಿಯಲ್ಲೇ, ಎದುರುಬದುರಾಗಿ ಎರಡು ಉಬ್ಬುಗಳು. ಇವಕ್ಕೆ ಲಗ್ ಎನ್ನುತ್ತಾರೆ. ತೋಟಾದ ಬೆನ್ನ ಹಿಂದೆಯೇ ಬಲ ನಿಂತುಬಿಡುತ್ತದೆ, ಬೋಲ್ಟಿನ ಹಿಂಭಾಗಕ್ಕೆ ಅಷ್ಟಾಗಿ ಹೊರೆ ಬೀಳುವುದಿಲ್ಲ.

ಈಗ ನಮ್ಮ ಪ್ರಶ್ನೆಗೆ ಬರೋಣ. ಗುಂಡಿಗೆ ದಿಕ್ಕು ಕೊಡುವುದು ನಳಿಗೆ, ಬೋಲ್ಟ್ ಅಲ್ಲ. ಹಿಡಿ ಬಾಗಿದ್ದರೆ ಗುರಿಗೆ ಏನೂ ಆಗದು. ಮೊದಲ ಮಹಾಯುದ್ಧದಲ್ಲಿ ಮೌಸರ್ ರೈಫಲ್ಲಿಗೆ ದೂರದರ್ಶಕ ಕೂರಿಸಿದಾಗ, ಅದಕ್ಕೆ ತಗಲದಿರಲೆಂದು ನೇರವಿದ್ದ ಹಿಡಿಯನ್ನು ಬೇಕೆಂದೇ ಕೆಳಕ್ಕೆ ಬಗ್ಗಿಸುತ್ತಿದ್ದರು. ಅದೂ ಅತಿ ನಿಖರವಾಗಿ ಹೊಡೆಯಬೇಕಾದ ಸ್ನೈಪರ್‌ಗಳಿಗಾಗಿ! ಮೈ ಹಿಂದುಗಡೆ ಚೂರು ಬಾಗಿದ್ದರೆ ಮೊದಲು ಕಾಣುವುದು ಬೋಲ್ಟ್ ಬಿಗಿಯಾಗಿ ಓಡುವುದು, ಫೈರಿಂಗ್ ಪಿನ್ ಉಜ್ಜುವುದು. ಪಿನ್ನಿನ ಪೆಟ್ಟು ಏರುಪೇರಾದರೆ ಮಾತ್ರ ಗುಂಡುಗಳು ಚದುರಿಯಾವು. ಆದರೆ ಬಾಗಿದ್ದರಿಂದ ಎರಡು ಲಗ್‌ಗಳಲ್ಲಿ ಒಂದೇ ತಾಗುವಂತಾದರೆ ಹೊರೆ ಒಂದು ಬದಿಗೆ ಬಿದ್ದು, ಪ್ರತಿ ಹೊಡೆತಕ್ಕೂ ರೈಫಲ್ ಅಡ್ಡಕ್ಕೆ ಕಂಪಿಸುತ್ತದೆ, ಗುರಿ ಹಾಳಾಗುತ್ತದೆ. ನಮ್ಮ ಪೊಲೀಸರ ಹಳೆಯ ತ್ರೀ-ನಾಟ್-ತ್ರೀಯಲ್ಲಿ ಲಗ್‌ಗಳು ಹಿಂದೆ ಇರುವುದರಿಂದ ಹೊರೆಯೆಲ್ಲ ಬೋಲ್ಟಿನ ಮೈ ಮೇಲೇ. ಅಲ್ಲಿ ಮೈ ನೇರವಾಗಿರುವುದು ಇನ್ನೂ ಮುಖ್ಯ.

ಹಾಗೆಂದು ಬಾಗಿದ ಬೋಲ್ಟನ್ನು ಮನೆಯಲ್ಲೇ ಕಾಯಿಸಿ ಬಡಿದು ನೆಟ್ಟಗೆ ಮಾಡಲು ಹೋಗಬೇಡಿ. ಕಾವು ಲಗ್‌ಗಳಿಗೆ ಹರಿದರೆ ಉಕ್ಕು ಮೆತ್ತಗಾಗುತ್ತದೆ. ಆಗ ಅಪಾಯ ಗುರಿಗಲ್ಲ, ಹೊಡೆಯುವವರ ಮುಖಕ್ಕೆ. ಬಂದೂಕು ರಿಪೇರಿಯವರಿಗೆ ತೋರಿಸಿ.

ಆ ಅಪಾಯ ಮೌಸರ್ ಅವರಿಗೆ ಗೊತ್ತಿತ್ತು. 1898ರ ಮಾದರಿಗೆ ಅವರು ಹಿಂದುಗಡೆ ಮೂರನೆಯ ಲಗ್ ಇಟ್ಟರು. ಅದು ಸಾಮಾನ್ಯವಾಗಿ ಯಾವುದಕ್ಕೂ ತಾಗುವುದಿಲ್ಲ. ಮುಂದಿನೆರಡು ಮುರಿದರೆ ಮಾತ್ರ ಕೆಲಸಕ್ಕೆ ಬರುತ್ತದೆ. ತೋಟಾ ಸೀಳಿದರೆ ಅನಿಲ ಹೊರಹೋಗಲು ರಂಧ್ರಗಳನ್ನೂ ಕೊಟ್ಟರು. ಜರ್ಮನ್ ಸೈನ್ಯ ಈ ಬಾರಿ ಒಪ್ಪಿತು. ಅಮೆರಿಕ ತನ್ನ ಸ್ಪ್ರಿಂಗ್‌ಫೀಲ್ಡ್ ರೈಫಲ್ಲಿಗೆ ಇವರ ಪೇಟೆಂಟ್‌ಗಳನ್ನು ಬಳಸಿಕೊಂಡು 2 ಲಕ್ಷ ಡಾಲರ್ ಕೊಡಬೇಕಾಯಿತು.

1901ರಲ್ಲಿ, ತಾನಾಗಿ ತೋಟಾ ತುಂಬಿಕೊಳ್ಳುವ ಪ್ರಾಯೋಗಿಕ ರೈಫಲ್ ಪರೀಕ್ಷಿಸುವಾಗ ಅವಘಡವಾಗಿ ಮೌಸರ್ ಒಂದು ಕಣ್ಣು ಕಳೆದುಕೊಂಡರು. ಆಗ ಅವರಿಗೆ 60 ದಾಟಿತ್ತು. ಉಳಿದ ಒಂದೇ ಕಣ್ಣಿನಲ್ಲಿ ಅಂಥ ರೈಫಲ್ಲಿನ ಕೆಲಸವನ್ನು ಮುಂದುವರಿಸಿದರು. 1914ರ ಮೇ 29ರಂದು ಒಬರ್ನ್‌ಡಾರ್ಫ್‌ನಲ್ಲೇ ತೀರಿಕೊಂಡರು. ಯುದ್ಧ ಶುರುವಾಗಲು ಆಗ ಎರಡು ತಿಂಗಳಷ್ಟೇ ಉಳಿದಿತ್ತು.