ಯುದ್ಧಭೂಮಿಯಿಂದ ಕಲಾಮೀಮಾಂಸೆಗೆ: ಹರ್ಬರ್ಟ್ ರೀಡ್

ಇಪ್ಪತ್ತನೆಯ ಶತಮಾನದ ಇಂಗ್ಲಿಷ್ ಕಲಾವಿಮರ್ಶೆಯಲ್ಲಿ ಹರ್ಬರ್ಟ್ ರೀಡ್ ಆಧುನಿಕ ಕಲೆಯ ಸಮರ್ಥಕನೆಂದೇ ಪರಿಚಿತ. ಆದರೆ ಅವನ ಚಿಂತನೆಯ ಬೇರುಗಳು ಮೊದಲ ಮಹಾಯುದ್ಧದ ಕಂದಕಗಳಲ್ಲಿವೆ ಎಂಬುದನ್ನು ಅವನ ಬದುಕು ಸ್ಪಷ್ಟಪಡಿಸುತ್ತದೆ.

1893ರಲ್ಲಿ ಯಾರ್ಕ್‌ಷೈರಿನ ಒಕ್ಕಲು ಕುಟುಂಬವೊಂದರಲ್ಲಿ ಜನಿಸಿದ ರೀಡ್, ಬಾಲ್ಯದಲ್ಲೇ ತಂದೆಯನ್ನು ಕಳೆದುಕೊಂಡು ಹ್ಯಾಲಿಫ್ಯಾಕ್ಸ್‌ನ ಅನಾಥಶಾಲೆಯನ್ನು ಸೇರಿದನು. ಲೀಡ್ಸ್‌ನಲ್ಲಿ ಬ್ಯಾಂಕ್ ಗುಮಾಸ್ತನಾಗಿ ದುಡಿದು, ಅನಂತರ ಅಲ್ಲಿನ ವಿಶ್ವವಿದ್ಯಾಲಯದಲ್ಲಿ ಅಧ್ಯಯನ ಮಾಡಿದನು. 1915ರಲ್ಲಿ ಸೇನಾಧಿಕಾರಿಯಾದ ಅವನಿಗೆ ಶೌರ್ಯಕ್ಕಾಗಿ ಮಿಲಿಟರಿ ಕ್ರಾಸ್ ಹಾಗೂ ಡಿ.ಎಸ್.ಓ. ಗೌರವಗಳು ದೊರೆತವು. 1918ರ ಮಾರ್ಚ್‌ನಲ್ಲಿ ಜರ್ಮನ್ ದಾಳಿಯೆದುರು ಬ್ರಿಟಿಷ್ ಸೇನೆ ಹಿಮ್ಮೆಟ್ಟಿದುದನ್ನು ಅವನು ಸ್ವತಃ ಅನುಭವಿಸಿದನು. ಅದೇ ಅಕ್ಟೋಬರ್‌ನಲ್ಲಿ ತಮ್ಮನು ರಣರಂಗದಲ್ಲಿ ಮಡಿದನು. 'ನೇಕೆಡ್ ವಾರಿಯರ್ಸ್' (1919) ಕವನಗಳೂ 'ಇನ್ ರಿಟ್ರೀಟ್' (1925) ಗದ್ಯವೂ ವೀರತ್ವದ ವೈಭವೀಕರಣವನ್ನು ನಿರಾಕರಿಸುತ್ತವೆ.

1922ರಲ್ಲಿ ರೀಡ್ ಲಂಡನ್ನಿನ ವಿಕ್ಟೋರಿಯಾ ಅಂಡ್ ಆಲ್ಬರ್ಟ್ ಮ್ಯೂಸಿಯಂನ ಮೃತ್ಪಾತ್ರೆಗಳ ವಿಭಾಗವನ್ನು ಸೇರಿದನು. ಯಾವುದನ್ನೂ ಅನುಕರಿಸದೆ ಕೇವಲ ಆಕಾರದಿಂದಲೇ ಅರ್ಥಪೂರ್ಣವಾಗುವ ಮಡಕೆಯು ಅವನಿಗೆ ಅಮೂರ್ತ ಕಲೆಯನ್ನು ಗ್ರಹಿಸುವ ದಾರಿಯಾಯಿತು. 'ದಿ ಮೀನಿಂಗ್ ಆಫ್ ಆರ್ಟ್' (1931) ಕೃತಿಯಲ್ಲಿ ಈ ವಿಚಾರವನ್ನು ಕಾಣಬಹುದು. ಹೆನ್ರಿ ಮೂರ್, ಬಾರ್ಬರಾ ಹೆಪ್‌ವರ್ತ್ ಮೊದಲಾದವರ ಶಿಲ್ಪಗಳಿಗೆ ಅವನು ಸಮರ್ಥ ವ್ಯಾಖ್ಯಾನಕಾರನಾದನು.

ಅವನ ಏಕೈಕ ಕಾದಂಬರಿ 'ದಿ ಗ್ರೀನ್ ಚೈಲ್ಡ್' (1935). ದಕ್ಷಿಣ ಅಮೆರಿಕದ ಗಣರಾಜ್ಯವೊಂದರ ಅಧ್ಯಕ್ಷನು ತನ್ನದೇ ಹತ್ಯೆಯ ನಾಟಕ ಹೂಡಿ, ಅಧಿಕಾರ ತೊರೆದು ಹುಟ್ಟೂರಿಗೆ ಮರಳುತ್ತಾನೆ. ಅಲ್ಲಿಂದ ಹಸಿರು ಬಣ್ಣದ ಸ್ತ್ರೀಯೊಡನೆ ಭೂಗತ ಲೋಕವನ್ನು ಸೇರುತ್ತಾನೆ. ಅಧಿಕಾರದ ಬಗೆಗಿನ ಈ ಜಿಗುಪ್ಸೆಯೇ ರೀಡ್‌ನ ಅರಾಜಕತಾವಾದದ ತಿರುಳೂ ಹೌದು.

ಎರಡನೆಯ ಮಹಾಯುದ್ಧದ ಕಾಲದಲ್ಲಿ ಅವನು ಮಕ್ಕಳ ಚಿತ್ರಗಳನ್ನು ಸಂಗ್ರಹಿಸುತ್ತಿದ್ದನು. ಐದು ವರ್ಷದ ಬಾಲಕಿಯೊಬ್ಬಳು ಬಿಡಿಸಿದ, ಜಗತ್ತನ್ನು ಸುತ್ತಿದ ಹಾವಿನ ಚಿತ್ರ ಅವನನ್ನು ಆಳವಾಗಿ ಕಲಕಿತು. ಪ್ರಾಚೀನ ಸಂಕೇತಗಳನ್ನು ಕಲಿಯದೆಯೇ ಮಗು ಅವುಗಳನ್ನು ಮರುಸೃಷ್ಟಿಸಬಲ್ಲದು ಎಂಬ ಅರಿವು 'ಎಜುಕೇಷನ್ ಥ್ರೂ ಆರ್ಟ್' (1943) ಕೃತಿಗೆ ಬಲ ನೀಡಿತು. ಶಿಸ್ತಿನ ಹೆಸರಿನಲ್ಲಿ ಸೃಜನಶೀಲತೆಯನ್ನು ಅದುಮುವ ಶಿಕ್ಷಣವು ಹಿಂಸೆಗೆ ನೆಲ ಹದಮಾಡುತ್ತದೆ ಎಂಬುದು ಯೋಧನಾಗಿದ್ದವನು ತಲುಪಿದ ನಿಲುವು.

1953ರಲ್ಲಿ ರೀಡ್ 'ಸರ್' ಪದವಿಯನ್ನು ಸ್ವೀಕರಿಸಿದಾಗ ಅರಾಜಕತಾವಾದಿ ಸಂಗಾತಿಗಳು ಅಸಮಾಧಾನಗೊಂಡರು. ಪ್ರಭುತ್ವವನ್ನು ವಿರೋಧಿಸಿದವನು ಪ್ರಭುತ್ವದ ಗೌರವಕ್ಕೆ ಒಪ್ಪಿದ ಈ ವಿರೋಧಾಭಾಸವನ್ನು ಮರೆಮಾಚುವ ಅಗತ್ಯವಿಲ್ಲ. 1968ರಲ್ಲಿ ನಿಧನನಾದ ರೀಡ್‌ನ ಹೆಸರನ್ನು 1985ರಲ್ಲಿ ವೆಸ್ಟ್‌ಮಿನ್‌ಸ್ಟರ್ ಅಬೆಯ ಯುದ್ಧಕವಿಗಳ ಸ್ಮಾರಕಶಿಲೆಯಲ್ಲಿ ಕೆತ್ತಲಾಯಿತು. ಆದರೆ ಅವನ ನಿಜವಾದ ಕೊಡುಗೆಯನ್ನು ಮಗುವಿನ ಕೈಯ ಕುಂಚಕ್ಕೆ ಅವನು ತಂದುಕೊಟ್ಟ ತಾತ್ವಿಕ ಘನತೆಯಲ್ಲಿ ಗುರುತಿಸಬೇಕಾಗುತ್ತದೆ.