ಎಣ್ಣೆಯಿಲ್ಲದ ದಡದಲ್ಲಿ ಆಸ್ಪತ್ರೆ ಕಟ್ಟಿದ ಡಾ. ಟಿ. ಎಂ. ಎ. ಪೈ



ಶಿರೂರು, ಗಂಗೊಳ್ಳಿ, ಕಂಡ್ಲೂರು, ಹೂಡೆ ಮುಂತಾದ ಊರುಗಳಿಂದ ಗಲ್ಫ್‌ಗೆ ಹೋಗಿ ದುಡಿದವರು ಬಹಳ ಮಂದಿ. ರಜೆಯಲ್ಲಿ ಊರಿಗೆ ಬಂದವರು ಅಲ್ಲಿನ ಆಸ್ಪತ್ರೆಗಳನ್ನು ಹೊಗಳುವುದನ್ನು ನೀವೂ ಕೇಳಿರಬಹುದು. ಆ ಹೊಗಳಿಕೆ ನ್ಯಾಯವಾದದ್ದೇ. ಆದರೆ ಅದೇ ಅರಬ್ಬೀ ಸಮುದ್ರದ ಈ ದಡದಲ್ಲಿ, ಹೆಚ್ಚುಕಡಿಮೆ ಅದೇ ಕಾಲದಲ್ಲಿ, ಎಣ್ಣೆಯ ಸಂಪತ್ತಿಲ್ಲದೆ ಒಂದು ದೊಡ್ಡ ಆಸ್ಪತ್ರೆಗೆ ಬುನಾದಿ ಹಾಕಿದವರ ಜೀವನವನ್ನು ನಮ್ಮ ವಿದ್ಯಾರ್ಥಿಗಳು ತಿಳಿಯಬೇಕು. ಅವರೇ ತೋನ್ಸೆ ಮಾಧವ ಅನಂತ ಪೈ.

1898ರ ಏಪ್ರಿಲ್ 30ರಂದು ಕಲ್ಯಾಣಪುರದಲ್ಲಿ ಅವರ ಜನನವಾಯಿತು. ಬ್ರಹ್ಮಾವರದಿಂದ ಉಡುಪಿಗೆ ಹೋಗುವಾಗ ಸುವರ್ಣಾ ನದಿ ದಾಟಿದರೆ ಸಿಗುವ ಊರು ಅದು. ವೈದ್ಯರಾಗಬೇಕೆಂದು ಅವರು ದೂರದ ಮದರಾಸಿಗೆ ಹೋಗಿ ಎಂ.ಬಿ.ಬಿ.ಎಸ್. ಓದಿದರು. ಬಳಿಕ ಊರಿಗೆ ಮರಳಿ ವೈದ್ಯವೃತ್ತಿಗೆ ಇಳಿದರು. ರೋಗದ ಹಿಂದೆ ಬಡತನವಿದೆ, ಬಡತನದ ಹಿಂದೆ ಅವಿದ್ಯೆಯಿದೆ ಎಂಬುದು ಅವರಿಗೆ ಮನವರಿಕೆಯಾಗಿತ್ತು. ಮುಂದಿನ ಅವರ ಕೆಲಸವೆಲ್ಲ ಈ ಮೂರರ ವಿರುದ್ಧವೇ ನಡೆಯಿತು.

1925ರಲ್ಲಿ ಅಣ್ಣ ಉಪೇಂದ್ರ ಅನಂತ ಪೈ ಮತ್ತು ವಾಮನ ಕುಡ್ವರ ಜೊತೆಗೂಡಿ ಉಡುಪಿಯಲ್ಲಿ ಒಂದು ಬ್ಯಾಂಕನ್ನು ತೆರೆದರು. ಕಷ್ಟದಲ್ಲಿದ್ದ ಕೈಮಗ್ಗದ ನೇಕಾರರಿಗೆ ಆಸರೆಯಾಗುವುದು ಅದರ ಉದ್ದೇಶವಾಗಿತ್ತು. 1928ರಲ್ಲಿ ಆರಂಭವಾದ ಪಿಗ್ಮಿ ಯೋಜನೆಯಲ್ಲಿ ಬ್ಯಾಂಕಿನ ಪ್ರತಿನಿಧಿ ಮನೆ ಮನೆಗೆ, ಅಂಗಡಿ ಅಂಗಡಿಗೆ ಬಂದು ದಿನಕ್ಕೆ ಎರಡಾಣೆಯನ್ನೂ ಪಡೆದುಕೊಳ್ಳುತ್ತಿದ್ದ. ಇದೇ ಮುಂದೆ ಸಿಂಡಿಕೇಟ್ ಬ್ಯಾಂಕ್ ಎಂದು ಹೆಸರಾಗಿ, 1969ರಲ್ಲಿ ರಾಷ್ಟ್ರೀಕರಣಗೊಂಡು, 2020ರಲ್ಲಿ ಕೆನರಾ ಬ್ಯಾಂಕಿನೊಡನೆ ವಿಲೀನವಾಯಿತು. ಸಣ್ಣ ಹಣವೂ ಕೂಡಿದರೆ ದೊಡ್ಡ ಶಕ್ತಿ ಎಂಬ ಪಾಠವನ್ನು ಕರಾವಳಿಯ ಜನ ಕಲಿತದ್ದು ಹೀಗೆ.

ಈಗ ಸ್ವಲ್ಪ ಸಮುದ್ರದಾಚೆ ನೋಡಿ. ಕುವೈತ್‌ನಲ್ಲಿ ಅಮೀರಿ ಆಸ್ಪತ್ರೆ ತೆರೆದದ್ದು 1949ರಲ್ಲಿ. ದುಬೈಯಲ್ಲಿ ಎಣ್ಣೆ ಸಿಗುವ ಮೊದಲೇ, 1951ರಲ್ಲಿ, ಅಲ್ ಮಕ್ತೂಮ್ ಆಸ್ಪತ್ರೆ ಆರಂಭವಾಯಿತು. ಅಲ್ ಐನ್‌ನ ಮೊದಲ ಆಸ್ಪತ್ರೆ 1960ರಲ್ಲಿ ಶೇಖ್ ಝಾಯೆದ್ ಬಿಟ್ಟುಕೊಟ್ಟ ಮಣ್ಣಿನ ಮನೆಯಲ್ಲಿ ಶುರುವಾಯಿತು. ಅಲ್ಲಿಯೂ ಆರಂಭ ಸಣ್ಣದೇ. ಬಳಿಕ ಎಣ್ಣೆಯ ವರಮಾನ ಬಂದಾಗ ಸರಕಾರಗಳೇ ಮುಂದೆ ನಿಂತು ತಮ್ಮ ಪ್ರಜೆಗಳಿಗೆ ಚಿಕಿತ್ಸೆಯನ್ನು ಉಚಿತವಾಗಿ ಒದಗಿಸಿದವು.

ನಮ್ಮ ಜಿಲ್ಲೆಗೆ ಅಂತಹ ವರಮಾನ ಎಲ್ಲಿಂದ ಬರಬೇಕು? ಪೈಯವರು ಸರಕಾರಕ್ಕಾಗಿ ಕಾಯಲಿಲ್ಲ. 1942ರಲ್ಲಿ ಅಕಾಡೆಮಿ ಆಫ್ ಜನರಲ್ ಎಜುಕೇಶನ್ ಸ್ಥಾಪಿಸಿದ್ದ ಅವರು, 1953ರ ಜೂನ್ 30ರಂದು ಮಣಿಪಾಲದ ಬೋಳುಗುಡ್ಡದಲ್ಲಿ ಕಸ್ತೂರ್ಬಾ ಮೆಡಿಕಲ್ ಕಾಲೇಜನ್ನು ಆರಂಭಿಸಿದರು. ಸ್ವಂತ ಆಸ್ಪತ್ರೆ ಇಲ್ಲದಿದ್ದಾಗ ವಿದ್ಯಾರ್ಥಿಗಳಿಗೆ ಮಂಗಳೂರಿನ ಸರಕಾರಿ ವೆನ್ಲಾಕ್ ಆಸ್ಪತ್ರೆಯಲ್ಲಿ ತರಬೇತಿಯ ವ್ಯವಸ್ಥೆಯಾಯಿತು. ಮುಂದೆ ಮಣಿಪಾಲದಲ್ಲಿಯೇ ಆಸ್ಪತ್ರೆ ಬೆಳೆಯಿತು. ಇಂದು ಅಲ್ಲಿ ಎರಡು ಸಾವಿರಕ್ಕೂ ಹೆಚ್ಚು ಹಾಸಿಗೆಗಳಿವೆ. ಬೈಂದೂರು, ಕುಂದಾಪುರದಲ್ಲಿ ಕಾಯಿಲೆ ಕೈಮೀರಿದಾಗ ಆಂಬ್ಯುಲೆನ್ಸ್ ಎತ್ತ ತಿರುಗುತ್ತದೆ ಎಂಬುದನ್ನು ನಿಮಗೆ ಹೇಳಬೇಕಾಗಿಲ್ಲ.

ಈ ದಾರಿಗೂ ಬೆಲೆಯಿತ್ತು. ಕಾಲೇಜು ನಡೆದದ್ದು ವಿದ್ಯಾರ್ಥಿಗಳು ಕೊಟ್ಟ ಹಣದಿಂದ. ಅದೇ ಮಾದರಿಯಲ್ಲಿ ಬೇರೆಡೆಯೂ ಖಾಸಗಿ ಕಾಲೇಜುಗಳು ಹುಟ್ಟಿದಾಗ, ಜಾಣನಾದರೂ ಬಡ ಹುಡುಗನಿಗೆ ಸೀಟು ಎಟುಕದಾಯಿತು ಎಂಬ ಟೀಕೆ ಎದ್ದಿತು. ಕ್ಯಾಪಿಟೇಶನ್ ಶುಲ್ಕ ತಡೆಯಲು ರಾಜ್ಯ ಸರಕಾರ 1984ರಲ್ಲಿ ಕಾನೂನನ್ನೇ ಮಾಡಬೇಕಾಯಿತು. ಹಿರಿಯರ ಸಾಧನೆಯನ್ನು ಗೌರವಿಸುವಾಗ ಈ ಮಾತನ್ನೂ ಮರೆಯಬಾರದು.

1972ರಲ್ಲಿ ಪದ್ಮಶ್ರೀ ಪಡೆದ ಪೈಯವರು 1979ರ ಮೇ 29ರಂದು ನಿಧನರಾದರು. ಅವರ ಕಾಲದ ನಂತರ, 1998ರಲ್ಲಿ, ನಮ್ಮದೇ ಕರಾವಳಿಯ ತುಂಬೆ ಮೊಯ್ದಿನ್ ಅವರು ಅಜ್ಮಾನ್‌ನಲ್ಲಿ ಖಾಸಗಿ ವೈದ್ಯಕೀಯ ಕಾಲೇಜನ್ನು ತೆರೆದರು. ಖಾಸಗಿಯವರೂ ವೈದ್ಯರನ್ನು ತಯಾರು ಮಾಡಬಲ್ಲರೆಂದು ಈ ದಡ ತೋರಿಸಿದ್ದ ದಾರಿ ಆ ದಡದಲ್ಲೂ ತೆರೆಯಿತು.

ಓದುಗರೇ, ಒಂದು ವಿಷಯ ಯೋಚಿಸಿ. ಗಲ್ಫ್ ದೇಶಗಳ ಉಚಿತ ಚಿಕಿತ್ಸೆ ಮುಖ್ಯವಾಗಿ ಆಯಾ ದೇಶದ ಪ್ರಜೆಗಳಿಗೆ. ಅಲ್ಲಿ ದುಡಿಯುವ ನಮ್ಮವರಿಗೆ ಇರುವುದು ಹೆಚ್ಚಾಗಿ ಕೆಲಸಕ್ಕೆ ಅಂಟಿಕೊಂಡ ವಿಮೆ. ವೀಸಾ ಮುಗಿದ ದಿನ ಆ ಕಾರ್ಡೂ ಮುಗಿಯುತ್ತದೆ. ಮೂವತ್ತು ವರ್ಷ ದುಡಿದವರು ಸಕ್ಕರೆ ಕಾಯಿಲೆ, ಹೃದ್ರೋಗ ಹೊತ್ತು ಮರಳುವುದು ಇದೇ ಮಣ್ಣಿಗೆ. ಮನೆ ಕಟ್ಟಲು, ಮಗಳ ಮದುವೆಗೆ ಕೂಡಿಟ್ಟಂತೆ ಆರೋಗ್ಯಕ್ಕೂ ತಿಂಗಳಿಗಿಷ್ಟು ಎತ್ತಿಡಬೇಡವೇ? ಬಿ.ಪಿ.ಎಲ್. ಕುಟುಂಬಕ್ಕೆ ವರ್ಷಕ್ಕೆ 5 ಲಕ್ಷ ರೂಪಾಯಿವರೆಗಿನ ಚಿಕಿತ್ಸೆಗೆಂದು 2018ರಲ್ಲಿ ಬಂದ ಆಯುಷ್ಮಾನ್ ಭಾರತ್ ಆರೋಗ್ಯ ಕರ್ನಾಟಕ ಯೋಜನೆಯ ಅರ್ಜಿಯನ್ನು ನೆರೆಮನೆಯ ವೃದ್ಧರಿಗೆ ತುಂಬಿಕೊಡುವುದು ಕಾಲೇಜು ವಿದ್ಯಾರ್ಥಿಗೆ ಅರ್ಧ ಗಂಟೆಯ ಕೆಲಸವಲ್ಲವೇ?

ಎರಡಾಣೆಯಿಂದ ಒಂದು ಬ್ಯಾಂಕು ಬೆಳೆದ ಜಿಲ್ಲೆ ನಮ್ಮದು. ನಮ್ಮ ಮಕ್ಕಳಲ್ಲಿ ಒಬ್ಬರು ವೈದ್ಯರು, ಇಬ್ಬರು ದಾದಿಯರು ಹೆಚ್ಚಾದರೂ ಆ ಲಾಭ ಇಡೀ ಊರಿನದು. ಅಂತಹ ಮಕ್ಕಳ ಫೀಸಿಗೆ ದಿನಕ್ಕೊಂದಿಷ್ಟು ಎತ್ತಿಡುವ ಮನಸ್ಸನ್ನು ಇಂದೇ ಮಾಡೋಣ.